ಹಳೇ ಓಮ್ನಿಗೆ ಆಯಿಲ್ ಪಂಪ್ ಬದಲಿಸುವುದು ಹೇಗೆ

ನಮ್ಮ ಸಾಗರದ ರೈಲ್ವೆ ಗೇಟಿನಲ್ಲಿ ನಿಂತಾಗಲೆಲ್ಲ ನನ್ನ ಓಮ್ನಿಯ ಕೆಂಪು ಆಯಿಲ್ ದೀಪ (ಎಂಜಿನ್ನಿನೊಳಗೆ ಆಯಿಲ್ ಪ್ರೆಶರ್ ಬಿದ್ದರೆ ಹತ್ತುವಂಥದ್ದು) ಮಿಣುಕುತ್ತಿತ್ತು. ಆಕ್ಸಿಲರೇಟರ್ ಚೂರು ಒತ್ತಿದರೆ ಆರುತ್ತಿತ್ತು. ಬೆಳಿಗ್ಗೆ ತಣ್ಣಗಿದ್ದಾಗ ಏನೂ ಇಲ್ಲ. ಹತ್ತು ಕಿಲೋಮೀಟರ್ ಓಡಿ ಎಂಜಿನ್ ಬಿಸಿಯಾದರೆ ಮತ್ತೆ ಶುರು. ಒಂದು ಗ್ಯಾರೇಜಿನವರು ಆ ದೀಪದ ಸ್ವಿಚ್ ಬದಲಿಸಿದರು. ಹೋಗಲಿಲ್ಲ. ದಪ್ಪ ಆಯಿಲ್ ಹಾಕಿದರು. ಎರಡು ವಾರ ಸುಮ್ಮನಿದ್ದು ದೀಪ ವಾಪಸ್ ಬಂತು. ಕೊನೆಗೆ "ಪಂಪ್ ಹೋಗಿದೆ, ಹೊಸದು ಹಾಕಿದರೆ ಸರಿಹೋಗುತ್ತದೆ" ಅಂದರು.

ಪಂಪ್ ಹೋಗಿದ್ದು ನಿಜ. ಆದರೆ ಅಷ್ಟೇ ಬದಲಿಸಿದ್ದರೆ ಹೊಸದೂ ಹೋಗುತ್ತಿತ್ತು. ನಮ್ಮ ಬೀದಿಯ ಮಿಸ್ತ್ರಿ ಒಬ್ಬರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಪಂಪ್ ತಾನಾಗಿ ಸಾಯಲ್ಲ ಅಣ್ಣಾ, ಯಾರೋ ಸಾಯಿಸಿರ್ತಾರೆ. ಅದನ್ನ ಮೊದಲು ಹುಡುಕಿ." ಈ ಲೇಖನ ಅವರ ಜೊತೆ ಕೂತು ನಾನು ಮಾಡಿದ ಕೆಲಸದ ಲೆಕ್ಕ.

1984ರಲ್ಲಿ ಮಾರುತಿ ವ್ಯಾನ್ ಅಂತ ಬಂದು, ಆಮೇಲೆ ಓಮ್ನಿ ಅನ್ನಿಸಿಕೊಂಡು, 2019ರವರೆಗೂ ತಯಾರಾದ ಗಾಡಿ ಇದು. ಒಳಗಿರುವುದು ಮಾರುತಿ 800ರ ಮನೆತನದ 796 ಸಿಸಿ, ಮೂರು ಸಿಲಿಂಡರಿನ ಎಫ್8ಬಿ ಎಂಜಿನ್. ನಾನು ಬರೆಯುತ್ತಿರುವುದು ಕಾರ್ಬ್ಯುರೇಟರ್ ಇರುವ ಹಳೇ ಗಾಡಿಗೆ. ಎಂಪಿಎಫ್ಐ, ಅಂದರೆ ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ ಗಾಡಿಯಲ್ಲಿ ಸೆನ್ಸರ್, ವೈರಿಂಗ್ ಜಾಸ್ತಿ. ಕೆಲಸದ ದಾರಿ ಹೆಚ್ಚುಕಡಿಮೆ ಇದೇ.

ಮೊದಲು ಪಂಪೇ ಕಳ್ಳನಾ ಅಂತ ನೋಡಿ

ದೀಪ ಹತ್ತಿಕೊಂಡೇ ಇದ್ದರೆ ಗಾಡಿ ಓಡಿಸಬೇಡಿ. "ನಿಧಾನಕ್ಕೆ ಗ್ಯಾರೇಜ್ ತನಕ ಹೋಗಿಬಿಡ್ತೀನಿ" ಅಂತ ಹೊರಟವರು ಅರ್ಧ ದಾರಿಯಲ್ಲಿ ಎಂಜಿನ್ ಸೀಜ್ ಮಾಡಿಕೊಂಡಿದ್ದನ್ನು ನೋಡಿದ್ದೇನೆ. ಎಳೆಸಿಕೊಂಡು ಹೋಗಿ.

ಗಾಡಿಯನ್ನು ಸಮ ಜಾಗದಲ್ಲಿ ನಿಲ್ಲಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ತೆಗೆಯಿರಿ. ಆಯಿಲ್ ಕಡಿಮೆ ಇದ್ದರೆ ಉತ್ತರ ಅಲ್ಲೇ ಸಿಕ್ಕಿತು. ಜಾಸ್ತಿ ಇದ್ದರೂ ಅನುಮಾನ ಪಡಿ. ಹಾಕಿದ್ದಕ್ಕಿಂತ ಮಟ್ಟ ಮೇಲೆ ಬಂದಿದ್ದರೆ ಮೂಗಿನ ಹತ್ತಿರ ಹಿಡಿದು ನೋಡಿ. ಪೆಟ್ರೋಲ್ ವಾಸನೆ ಹೊಡೆದರೆ ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪಿನ ಒಳಗಿನ ರಬ್ಬರ್ ಹರಿದು, ಪೆಟ್ರೋಲ್ ಸೀದಾ ಆಯಿಲಿಗೆ ಇಳಿಯುತ್ತಿರಬಹುದು. ನೀರಾದ ಆಯಿಲಿಗೆ ಯಾವ ಪಂಪೂ ಪ್ರೆಶರ್ ಕೊಡಲಾರದು.

ಎಲ್‌ಪಿಜಿ ಹಾಕಿಸಿದ ಗಾಡಿಯಾದರೆ ಇನ್ನೊಂದು ಮೋಸ ಇದೆ. ಅದರಲ್ಲಿ ಆಯಿಲ್ ಬೇಗ ಕಪ್ಪಾಗುವುದಿಲ್ಲ. ಬಣ್ಣ ಚೆನ್ನಾಗಿದೆ ಅಂತ ವರ್ಷಗಟ್ಟಲೆ ಬದಲಿಸದೆ ಬಿಟ್ಟಿರುತ್ತಾರೆ.

ಆಮೇಲೆ ವೈರಿಂಗ್. ಆಯಿಲ್ ಸ್ವಿಚ್ ಅಂದರೆ ಎಂಜಿನ್ ಬ್ಲಾಕಿಗೆ ತಿರುಗಿಸಿ ಕೂರಿಸಿದ, ಒಂದೇ ವೈರ್ ಇರುವ ಚಿಕ್ಕ ಸಾಮಾನು. ಕೀ ಆನ್ ಮಾಡಿ ಆ ವೈರ್ ಎಳೆಯಿರಿ. ದೀಪ ಆರಬೇಕು. ಆರದಿದ್ದರೆ ವೈರ್ ಎಲ್ಲೋ ಗಾಡಿಯ ತಗಡಿಗೆ ತಾಗುತ್ತಿದೆ, ಎಂಜಿನ್ನಿನ ತಪ್ಪಿಲ್ಲ.

ಕೊನೆಯ ಪರೀಕ್ಷೆಯೇ ಮುಖ್ಯವಾದದ್ದು. ತುಂಬಾ ಜನ ಬಿಟ್ಟುಬಿಡುವುದೂ ಇದನ್ನೇ. ಸ್ವಿಚ್ ಬಿಚ್ಚಿ, ಆ ತೂತಿಗೆ ಪ್ರೆಶರ್ ಗೇಜ್ ಹಾಕಿ ನೋಡಿ. ಗೇಜ್ ನಿಮ್ಮ ಹತ್ತಿರ ಇಲ್ಲದಿದ್ದರೆ ಕೇಳಿ ತನ್ನಿ, ಬಾಡಿಗೆಗೂ ಸಿಗುತ್ತದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ 3000 ಆರ್‌ಪಿಎಂ ಹತ್ತಿರ ಚದರ ಸೆಂಟಿಮೀಟರಿಗೆ 3 ಕೆಜಿ ಅಥವಾ ಅದಕ್ಕಿಂತ ಮೇಲೆ ತೋರಿಸಿದರೆ ಪಂಪ್ ಸರಿ ಇದೆ, ಸ್ವಿಚ್ ಬದಲಿಸಿ ಆರಾಮಾಗಿರಿ. ಅಷ್ಟು ಹತ್ತದಿದ್ದರೆ ಮುಂದೆ ಓದಿ. ಎಂಜಿನ್ ಕೆಳಗಡೆಯಿಂದ ಟಕ್ ಟಕ್ ಅನ್ನುವ ದಪ್ಪ ಸದ್ದೂ ಇದ್ದರೆ ಬೇರಿಂಗ್ ಸವೆದಿರುವುದೇ ಹೆಚ್ಚು. ಸವೆದ ಬೇರಿಂಗಿನ ಸಂದಿಯಲ್ಲಿ ಆಯಿಲ್ ಸೋರಿಹೋಗಿ ಪ್ರೆಶರ್ ಬೀಳುತ್ತದೆ. ಹಾಗಾದಾಗ ಪಂಪ್ ಹಾಕಿದರೆ ದುಡ್ಡು ದಂಡ.

ಅಂಗಡಿಗೆ ಹೋಗುವಾಗ

ಪಂಪ್ ಪೂರ್ತಿ ಸೆಟ್ಟೇ ತನ್ನಿ. ಒಳಗೆ ತಿರುಗುವ ರೋಟರ್ ಮಾತ್ರ ಬದಲಿಸಿದರೆ ಗೀರು ಬಿದ್ದ ಹಳೇ ಕೇಸಿನಲ್ಲೇ ಅದು ತಿರುಗಬೇಕು. ಚಾಸಿಸ್ ನಂಬರ್ ಬರೆದುಕೊಂಡು ಹೋಗಿ, ಆಗುವುದಾದರೆ ಹಳೇ ಪಂಪನ್ನೂ ಒಯ್ಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ಬೋಲ್ಟ್ ತೂತುಗಳನ್ನು ಎಣಿಸಿ.

ಜೊತೆಗೆ ಪಂಪಿನ ಪ್ಯಾಕಿಂಗ್ (ಪಂಪ್ ಮತ್ತು ಬ್ಲಾಕಿನ ನಡುವೆ ಇಡುವ ಗ್ಯಾಸ್ಕೆಟ್), ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ದಂಡ) ಮುಂದಿನ ಆಯಿಲ್ ಸೀಲ್, ಆಯಿಲ್ ಹೀರುವ ಜಾಲರಿ ಪೈಪಿನ ಓ-ರಿಂಗ್ (ರಬ್ಬರ್ ಬಳೆ), ಆಯಿಲ್ ಫಿಲ್ಟರ್, ಚೇಂಬರಿಗೆ (ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ತಗಡಿನ ತೊಟ್ಟಿ) ಹಚ್ಚುವ ಪೇಸ್ಟ್, 3 ಲೀಟರ್ ಆಯಿಲ್ ಬೇಕು. ಸೀಲ್ ಕೆಲವು ಪಂಪಿನಲ್ಲಿ ಕೂರಿಸಿಯೇ ಬರುತ್ತದೆ, ಕೇಳಿ ನೋಡಿ. ಟೈಮಿಂಗ್ ಬೆಲ್ಟ್ (ಕ್ರ್ಯಾಂಕಿನಿಂದ ಕ್ಯಾಮ್, ಅಂದರೆ ವಾಲ್ವ್ ತೆರೆಯುವ ದಂಡ, ತಿರುಗಿಸುವ ಬೆಲ್ಟ್) ಮತ್ತು ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಬೇರಿಂಗ್ ಕೂಡ ತಂದುಬಿಡಿ. ಹೇಗೂ ಕಳಚುತ್ತೀರಿ. ಹಳೇ ಬೆಲ್ಟ್ ಮತ್ತೆ ಹಾಕುವ ಉಳಿತಾಯ ನನಗಂತೂ ಅರ್ಥವಾಗುವುದಿಲ್ಲ.

ಓ-ರಿಂಗ್ ಮರೆಯಬೇಡಿ. ಅದರ ಕಥೆ ಮುಂದೆ ಬರುತ್ತದೆ.

ಇಳಿಸುವುದು

ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗಿದೆ. ಪಂಪ್ ಇರುವುದು ಕ್ರ್ಯಾಂಕ್ ಪುಲ್ಲಿಯ ಹಿಂದೆ, ಟೈಮಿಂಗ್ ಬೆಲ್ಟಿನ ಒಳಗಡೆ. ಕ್ರ್ಯಾಂಕಿನ ಮೂತಿಗೇ ಪೋಣಿಸಿದ ಹಾಗೆ. ಕ್ರ್ಯಾಂಕ್ ತಿರುಗಿದರೆ ಪಂಪಿನ ಒಳ ರೋಟರ್ ತಿರುಗುತ್ತದೆ, ಅದು ಹೊರ ರೋಟರನ್ನು ತಿರುಗಿಸುತ್ತದೆ, ಎರಡರ ನಡುವಿನ ಸಂದಿ ಹಿಗ್ಗಿ ಕುಗ್ಗಿ ಆಯಿಲ್ ತಳ್ಳುತ್ತದೆ. ಹಾಗಾಗಿ ಪಂಪ್ ಕೈಗೆ ಬರಬೇಕಾದರೆ ಬೆಲ್ಟೂ ಬಿಚ್ಚಬೇಕು, ಕೆಳಗಿನ ಚೇಂಬರೂ ಇಳಿಸಬೇಕು.

ಎಂಜಿನ್ ಇಳಿಸದೆ ಕೆಳಗೆ ಮಲಗಿಕೊಂಡೇ ಈ ಕೆಲಸ ಮಾಡುವವರಿದ್ದಾರೆ. ನಾನು ಅದರ ಪರ ಇಲ್ಲ. ಪೇಸ್ಟ್ ಹಚ್ಚುವ ಜಾಗ ತಲೆಕೆಳಗಾಗಿರುತ್ತದೆ, ಮೇಲಿಂದ ಹಳೇ ಆಯಿಲ್ ತೊಟ್ಟಿಕ್ಕುತ್ತಾ ಇರುತ್ತದೆ. ಒರೆಸಿದ್ದಷ್ಟೂ ಒದ್ದೆ. ಚಿಕ್ಕ ಎಂಜಿನ್ನು, ಇಬ್ಬರು ಸೇರಿ ಟ್ರಾಲಿ ಜಾಕಿನ ಮೇಲೆ ಕೆಳಗಡೆಯಿಂದ ಇಳಿಸಬಹುದು. ಮೊದಲ ಸಲ ಮಾಡುವವರು ಎರಡು ದಿನ ಇಟ್ಟುಕೊಳ್ಳಿ.

ಆಯಿಲ್ ಬೆಚ್ಚಗಿದ್ದಾಗಲೇ ಕೆಳಗಿನ ಬೋಲ್ಟ್ ಬಿಚ್ಚಿ ಇಳಿಸಿ. ಆಗ ಮಡ್ಡಿಯೂ ಜೊತೆಗೆ ಬರುತ್ತದೆ. ಕೈ ಸುಟ್ಟುಕೊಳ್ಳಬೇಡಿ ಅಷ್ಟೆ. ಎಂಜಿನ್ ಪೂರ್ತಿ ಆರಿದ ಮೇಲೆ ಕೂಲಂಟ್ ಬಿಡಿ. ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಗಾಡಿಯನ್ನು ಎತ್ತಿ ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕಿ ನಂಬಿ ಕೆಳಗೆ ನುಗ್ಗಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಅಂತೂ ಬೇಡವೇ ಬೇಡ, ಅವು ಹೇಳದೆ ಕೇಳದೆ ಸೀಳುತ್ತವೆ.

ಆಮೇಲೆ ಸೈಲೆನ್ಸರ್ ಪೈಪ್, ಪ್ರೊಪೆಲ್ಲರ್ ಶಾಫ್ಟ್, ಗೇರ್ ಮತ್ತು ಕ್ಲಚ್ ಕೇಬಲ್, ರೇಡಿಯೇಟರ್ ಹೋಸ್, ಪೆಟ್ರೋಲ್ ಪೈಪ್, ವೈರ್‌ಗಳು. ಪ್ರತಿಯೊಂದನ್ನೂ ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ವ್ಯಾಕ್ಯೂಮ್ ಪೈಪ್ ಯಾವುದು ಎಲ್ಲಿಗೆ ಅನ್ನುವುದು ಆ ಹೊತ್ತಿಗೆ ನೆನಪಿರುತ್ತದೆ ಅನ್ನಿಸುತ್ತದೆ. ಮಾರನೇ ದಿನ ಇರುವುದಿಲ್ಲ. ಎಂಜಿನ್, ಗೇರ್‌ಬಾಕ್ಸ್ ಒಟ್ಟಿಗೇ ಇಳಿಸಿ, ಹೊರಗೆ ಎಳೆದ ಮೇಲೆ ಬೇರೆ ಮಾಡುವುದು ನನಗೆ ಸುಲಭವಾಯಿತು.

ಬಿಚ್ಚುವುದು

ಎಂಜಿನ್ನನ್ನು ಮರದ ತುಂಡುಗಳ ಮೇಲೆ ಗಟ್ಟಿಯಾಗಿ ಕೂರಿಸಿ. ಫ್ಯಾನ್ ಬೆಲ್ಟ್ ತೆಗೆದು, ಕ್ರ್ಯಾಂಕ್ ಪುಲ್ಲಿ ಬಿಚ್ಚಿ, ಟೈಮಿಂಗ್ ಕವರ್ ಕಳಚಿ. ಬೋಲ್ಟ್ ಬಿಚ್ಚುವಾಗ ಕ್ರ್ಯಾಂಕ್ ತಿರುಗದ ಹಾಗೆ ಫ್ಲೈವೀಲಿನ ಹಲ್ಲಿಗೆ ಒಂದು ಕಬ್ಬಿಣದ ಪಟ್ಟಿ ಕೊಟ್ಟು ತಡೆಯಿರಿ.

ಈಗ ಕ್ರ್ಯಾಂಕ್ ತಿರುಗಿಸಿ ಕ್ಯಾಮ್, ಕ್ರ್ಯಾಂಕ್ ಎರಡರ ಟೈಮಿಂಗ್ ಗುರುತೂ ಕೂಡಿಸಿ. ಕಂಪನಿಯ ಗುರುತು ಇದ್ದರೂ ಬಿಳಿ ಪೇಂಟಿನಲ್ಲಿ ನಿಮ್ಮದೊಂದು ಚುಕ್ಕೆ ಇಡಿ. ಟೆನ್ಷನರ್ ಸಡಿಲಿಸಿ ಬೆಲ್ಟ್ ತೆಗೆಯಿರಿ. ಇಲ್ಲಿಂದ ಮುಂದೆ ಕ್ಯಾಮ್ ಆಗಲಿ ಕ್ರ್ಯಾಂಕ್ ಆಗಲಿ ಬೇಕಾಬಿಟ್ಟಿ ತಿರುಗಿಸಬಾರದು. ಕ್ರ್ಯಾಂಕಿನ ಹಲ್ಲಿನ ಚಕ್ರ ಎಳೆದಾಗ ಅದರ ಚಿಕ್ಕ ಕೀ (ಚಕ್ರ ಜಾರದ ಹಾಗೆ ಹಿಡಿಯುವ ಲೋಹದ ತುಂಡು) ಕೆಳಗೆ ಬಿದ್ದು ಕಳೆದುಹೋಗುತ್ತದೆ. ಕೆಳಗೊಂದು ಬಟ್ಟೆ ಹಾಸಿ.

ಚೇಂಬರಿನ ಬೋಲ್ಟ್‌ಗಳೆಲ್ಲ ಬಿಚ್ಚಿದರೂ ಚೇಂಬರ್ ಅಂಟಿಕೊಂಡೇ ಇರುತ್ತದೆ. ಸ್ಕ್ರೂ ಡ್ರೈವರ್ ತೂರಿಸಿ ಮೀಟಿದರೆ ತಗಡಿನ ಅಂಚು ಬಾಗಿ ಜನ್ಮವಿಡೀ ಸೋರುತ್ತದೆ. ತೆಳ್ಳಗಿನ ಅಗಲ ಪಟ್ಟಿ ತೂರಿಸಿ, ರಬ್ಬರ್ ಸುತ್ತಿಗೆಯಿಂದ ಪಕ್ಕಕ್ಕೆ ಮೆಲ್ಲಗೆ ತಟ್ಟುತ್ತಾ ಹೋಗಿ.

ನನ್ನ ಗಾಡಿಯ ಚೇಂಬರ್ ಕೈಗೆ ಬಂದಾಗ ಕಳ್ಳ ಸಿಕ್ಕಿದ. ಆಯಿಲ್ ಹೀರುವ ಜಾಲರಿಯ ಮೇಲೆ ಕೆಂಪು ಎರೆಹುಳುಗಳ ಹಾಗೆ ಸಿಲಿಕೋನ್ ಪೇಸ್ಟಿನ ತುಂಡುಗಳು. ಉಗುರಿನಷ್ಟು ಉದ್ದ, ಕೆಲವು ಅದಕ್ಕಿಂತ ದೊಡ್ಡವು. ಅವುಗಳ ಸಂದಿಯಲ್ಲಿ ಕಪ್ಪು ಮಡ್ಡಿ ಮೆತ್ತಿ, ಮುಕ್ಕಾಲು ಪಾಲು ಜಾಲರಿ ಮುಚ್ಚಿಹೋಗಿತ್ತು. ಕೆಲವು ತಿಂಗಳ ಹಿಂದೆ ಚೇಂಬರ್ ಸೋರುತ್ತದೆ ಅಂತ ಒಬ್ಬರ ಹತ್ತಿರ ಪೇಸ್ಟ್ ಹಾಕಿಸಿದ್ದೆ. ದೋಸೆಗೆ ಚಟ್ನಿ ಬಳಿದ ಹಾಗೆ ಬಳಿದಿದ್ದರು. ಬಿಗಿ ಮಾಡಿದಾಗ ಅರ್ಧ ಹೊರಗೆ ಬಂತು, ಅದು ಕಾಣುತ್ತದೆ, ಒರೆಸಬಹುದು. ಅಷ್ಟೇ ಒಳಗೂ ಹೋಯಿತು. ಬಿಸಿ ಆಯಿಲಿನಲ್ಲಿ ಅದು ಕಿತ್ತುಕೊಂಡು ಜಾಲರಿಗೆ ಬಂತು. ಪಂಪ್ ಆಯಿಲ್ ಸಿಗದೆ ಒಣಗಿ ತಿರುಗಿ ತನ್ನನ್ನೇ ತಾನು ಕೆರೆದುಕೊಂಡಿತ್ತು.

ಚೇಂಬರ್ ತೆರೆದಿರುವಾಗ ಇನ್ನೊಂದು ಕೆಲಸ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಒಂದೊಂದು ಕನೆಕ್ಟಿಂಗ್ ರಾಡ್ ಹಿಡಿದು ಅಲ್ಲಾಡಿಸಿ. ಕ್ರ್ಯಾಂಕಿನ ಉದ್ದಕ್ಕೆ ಆಚೀಚೆ ಸ್ವಲ್ಪ ಸರಿದರೆ ಪರವಾಗಿಲ್ಲ, ಹಾಗೇ ಇರಬೇಕು. ಮೇಲೆ ಕೆಳಗೆ ಆಡಿದರೆ ಬೇರಿಂಗ್ ಹೋಗಿದೆ. ಒಂದು ಕ್ಯಾಪ್ ಬಿಚ್ಚಿ ಬೇರಿಂಗಿನ ಮುಖ ನೋಡಿ. ಬೂದು ಬಣ್ಣ ಒಂದೇ ಸಮ ಇದ್ದರೆ ಸರಿ. ತಾಮ್ರದ ಬಣ್ಣ ಕಂಡರೆ ಅದರ ಆಯಸ್ಸು ಮುಗಿಯಿತು, ಆ ಕೆಲಸವನ್ನೂ ಈಗಲೇ ಮಾಡಿಸಿ.

ಜಾಲರಿ ಪೈಪ್ ಕಳಚಿ. ಪಂಪಿನ ಬೋಲ್ಟ್‌ಗಳಲ್ಲಿ ಉದ್ದದ್ದು, ಗಿಡ್ಡದ್ದು ಎರಡೂ ಇವೆ. ಒಂದು ರಟ್ಟಿನ ಮೇಲೆ ಪಂಪಿನ ಆಕಾರ ಗೀಚಿ, ಯಾವ ಬೋಲ್ಟ್ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡಿ. ಗಿಡ್ಡ ಜಾಗಕ್ಕೆ ಉದ್ದದ್ದು ಹಾಕಿ ಬಿಗಿದರೆ ಬ್ಲಾಕ್ ಒಡೆಯುತ್ತದೆ.

ಹಳೇ ಪಂಪ್ ಬಿಚ್ಚಿ ನೋಡಿ

ಬಿಸಾಡುವ ಪಂಪನ್ನು ಯಾಕೆ ಬಿಚ್ಚಬೇಕು ಅಂತೀರಾ? ಅದೇ ರೋಗ ಹೇಳುವುದು. ಹಿಂದಿನ ತಟ್ಟೆಯ ಸ್ಕ್ರೂ ಬಿಗಿಯಾಗಿ ಕಚ್ಚಿರುತ್ತವೆ, ಇಂಪ್ಯಾಕ್ಟ್ ಡ್ರೈವರ್ ಇಟ್ಟು ಸುತ್ತಿಗೆಯಿಂದ ಒಂದೇಟು ಕೊಟ್ಟರೆ ಬರುತ್ತವೆ. ಹೊರ ರೋಟರ್ ಮತ್ತು ಕೇಸಿನ ನಡುವೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳ್ಳನೆ ಪಟ್ಟಿ) ತೂರಿಸಿ. 0.31 ಮಿಲಿಮೀಟರ್‌ಗಿಂತ ಜಾಸ್ತಿ ಸಂದಿ ಇದ್ದರೆ ಸವೆದಿದೆ. ರೋಟರ್ ಮುಖದ ಮೇಲೆ ನೇರ ಪಟ್ಟಿ ಇಟ್ಟು ಅಳೆದರೆ 0.15 ಮಿಲಿಮೀಟರ್ ದಾಟಬಾರದು. ನನ್ನದರಲ್ಲಿ ಅಳತೆಯೇ ಬೇಕಿರಲಿಲ್ಲ. ತಟ್ಟೆಯ ಮೇಲೆ ಗ್ರಾಮಫೋನ್ ರೆಕಾರ್ಡಿನ ಹಾಗೆ ಸುತ್ತು ಗೀರು, ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿತ್ತು.

ಪಂಪಿನೊಳಗೆ ಸ್ಪ್ರಿಂಗ್ ಇರುವ ರಿಲೀಫ್ ವಾಲ್ವ್ ಒಂದಿದೆ. ಪ್ರೆಶರ್ ಮಿತಿ ಮೀರಿದರೆ ತೆರೆದುಕೊಳ್ಳುತ್ತದೆ. ಕಸ ಸಿಕ್ಕಿ ಅದು ತೆರೆದೇ ಉಳಿದರೂ ದೀಪ ಹತ್ತುತ್ತದೆ. ಹೊಸ ಪಂಪಿನಲ್ಲೂ ಕಡ್ಡಿಯಿಂದ ಒತ್ತಿ ನೋಡಿ, ಒಳಗೆ ಹೋಗಿ ಸರಕ್ಕನೆ ವಾಪಸ್ ಬರಬೇಕು. ಹಾಗೇ ಹೊಸ ಪಂಪಿನ ತಟ್ಟೆಯ ಸ್ಕ್ರೂ ಬಿಗಿ ಇವೆಯಾ ಅಂತಲೂ ನೋಡಿ.

ತೊಳೆಯುವುದು

ಬೇಜಾರಿನ ಕೆಲಸ, ಆದರೆ ಇದಕ್ಕೇ ಅರ್ಧ ದಿನ ಕೊಡಿ. ಬ್ಲಾಕಿನ ಮುಖದ ಹಳೇ ಪ್ಯಾಕಿಂಗನ್ನು ಗಟ್ಟಿ ಪ್ಲಾಸ್ಟಿಕ್ಕಿನಿಂದ ಕೆರೆಯಿರಿ. ಗ್ರೈಂಡರಿಗೆ ಬ್ರಷ್ ಹಾಕಿ ಉಜ್ಜುವ ಆಸೆ ಬೇಡ, ಅದರ ಪುಡಿ ಬೇರಿಂಗಿಗೆ ಹೋಗುತ್ತದೆ. ಜಾಲರಿಯನ್ನು ಡೀಸೆಲಿನಲ್ಲಿ ರಾತ್ರಿಯಿಡೀ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ಗಾಳಿ ಹೊಡೆಸಿ, ಬೆಳಕಿಗೆ ಹಿಡಿದು ನೋಡಿ. ಕಾಟನ್ ವೇಸ್ಟ್ ಬೇಡ. ಎಳೆ ಉಳಿಯುತ್ತದೆ. ಹಳೇ ಬನಿಯನ್ ಬಟ್ಟೆ ಸಾಕು.

ಕೂರಿಸುವುದು

ಒಣ ಪಂಪ್ ಹಾಕಬೇಡಿ. ಶುರುವಿನಲ್ಲಿ ಅದಕ್ಕೆ ಆಯಿಲ್ ಎಳೆಯುವ ಶಕ್ತಿ ಇರುವುದಿಲ್ಲ. ಒಳಗೆ ಎಂಜಿನ್ ಆಯಿಲ್ ಸುರಿದು, ರೋಟರನ್ನು ಬೆರಳಿನಿಂದ ತಿರುಗಿಸಿ ಎಲ್ಲ ಕಡೆ ಹತ್ತಿಸಿ. ಕೂಡಲೇ ಸ್ಟಾರ್ಟ್ ಮಾಡುವುದಿಲ್ಲ, ಎರಡು ದಿನ ಆಗುತ್ತದೆ ಅಂದರೆ ವ್ಯಾಸಲೀನ್ ತುಂಬಿ. ಬಿಸಿಗೆ ಕರಗಿ ಆಯಿಲಿಗೆ ಸೇರುತ್ತದೆ. ಗ್ರೀಸ್ ಬೇಡ, ಕರಗದೆ ಫಿಲ್ಟರಿಗೆ ಹೋಗಿ ಕೂರುತ್ತದೆ.

ಕ್ರ್ಯಾಂಕಿನ ಮೂತಿಯ ಅಂಚು ಚೂಪು. ಪಂಪ್ ತೂರಿಸುವಾಗ ಸೀಲಿನ ತುಟಿ ಅದಕ್ಕೆ ತಾಗಿ ಮಡಚಿದರೆ ಎಲ್ಲ ಜೋಡಿಸಿದ ಮೇಲೆ ಸೋರುತ್ತದೆ, ಮತ್ತೆ ಮೊದಲಿಂದ. ಇದಕ್ಕೆ ಬೇರೆಯೇ ಒಂದು ಸಾಧನ ಇದೆ. ಮಿಸ್ತ್ರಿ ಮಾಡಿದ್ದು ಹೀಗೆ: ನಂದಿನಿ ಹಾಲಿನ ಖಾಲಿ ಪ್ಯಾಕೆಟ್ ತೊಳೆದು ಒಣಗಿಸಿ, ಪಟ್ಟಿ ಕತ್ತರಿಸಿ, ಮೂತಿಗೆ ಸುತ್ತಿ, ಮೇಲೆ ಆಯಿಲ್ ಸವರಿದರು. ಪಂಪ್ ಅದರ ಮೇಲೆ ಜಾರಿಕೊಂಡು ಹೋಯಿತು. ಸೀಲ್ ದಾಟಿದ ಮೇಲೆ ಪ್ಲಾಸ್ಟಿಕ್ಕನ್ನು ಮೆಲ್ಲಗೆ ಹೊರಗೆ ಎಳೆದರು. ಪಟ್ಟಿ ಒಂದೇ ತುಂಡಾಗಿ ಬಂತಾ ಅಂತ ಬಿಡಿಸಿ ನೋಡಿದರು.

ಹೊಸ ಪ್ಯಾಕಿಂಗ್ ಇಟ್ಟು, ಒಳ ರೋಟರ್ ಕ್ರ್ಯಾಂಕಿಗೆ ಸರಿಯಾಗಿ ಕಚ್ಚುವ ಹಾಗೆ ತಿರುಗಿಸಿಕೊಂಡು ಪಂಪ್ ಒಳಗೆ ತಳ್ಳಿ. ಕೈಯಿಂದ ತಳ್ಳಿದಾಗಲೇ ಬ್ಲಾಕಿಗೆ ಪೂರ್ತಿ ತಾಗಬೇಕು. ತಾಗದಿದ್ದರೆ ಬೋಲ್ಟ್ ಬಿಗಿದು ಎಳೆಯಬೇಡಿ, ರೋಟರ್ ಇನ್ನೂ ಕಚ್ಚಿಲ್ಲ ಅಂತ ಅರ್ಥ. ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ, 9ರಿಂದ 12 ನ್ಯೂಟನ್ ಮೀಟರಿಗೆ ಬಿಗಿ ಮಾಡಿ. ಟಾರ್ಕ್ ರೆಂಚ್ ಇಲ್ಲದಿದ್ದರೆ ಚಿಕ್ಕ ಸ್ಪ್ಯಾನರನ್ನು ಬೆರಳುಗಳಲ್ಲಿ ಹಿಡಿದು ಬಿಗಿಯಿರಿ, ಮೊಣಕೈ ಬಲ ಬೇಡ.

ಬಿಗಿ ಮಾಡಿದ ಮೇಲೆ ಕೆಳಗಡೆಯಿಂದ ನೋಡಿ. ಚೇಂಬರ್ ಕೂರುವ ಜಾಗದಲ್ಲಿ ಪ್ಯಾಕಿಂಗಿನ ಅಂಚು ಕೂದಲೆಳೆಯಷ್ಟು ಹೊರಗೆ ಚಾಚಿರುತ್ತದೆ. ಹೊಸ ಬ್ಲೇಡಿನಿಂದ ಬ್ಲಾಕಿನ ಸಮಕ್ಕೆ ಕತ್ತರಿಸಿ. ಬಿಟ್ಟರೆ ಚೇಂಬರ್ ಆ ಮೂಲೆಯಲ್ಲಿ ಸರಿಯಾಗಿ ಕೂರುವುದಿಲ್ಲ, ಸೋರುವುದೂ ಅಲ್ಲೇ.

ಈಗ ಓ-ರಿಂಗ್. ಜಾಲರಿ ಪೈಪ್ ಪಂಪಿಗೆ ಸೇರುವ ಜಾಗದಲ್ಲಿ ಇದೆ. ಇದು ಹಳೇದಾಗಿ ಗಟ್ಟಿಯಾದರೆ ಅಥವಾ ಕೂರಿಸುವಾಗ ಕಚ್ಚಿಹೋದರೆ ಪಂಪ್ ಆಯಿಲಿನ ಜೊತೆ ಗಾಳಿಯನ್ನೂ ಹೀರುತ್ತದೆ. ಆಯಿಲ್ ಹೊರಗೆ ಸೋರುವುದಿಲ್ಲ, ಆದ್ದರಿಂದ ಗೊತ್ತೇ ಆಗುವುದಿಲ್ಲ. ಹೊಸ ಪಂಪ್ ಹಾಕಿದರೂ ದೀಪ ಆರಲಿಲ್ಲ ಅಂತ ಗೋಳಾಡುವವರು ಮೊದಲು ಇದನ್ನೇ ನೋಡಬೇಕು. ಆಯಿಲ್ ಸವರಿ, ನೇರವಾಗಿ ಒತ್ತಿ ಕೂರಿಸಿ.

ಚೇಂಬರಿಗೆ ಪೇಸ್ಟ್ ಹಚ್ಚುವಾಗ ನನ್ನ ಕೆಂಪು ಎರೆಹುಳು ನೆನಪಿಸಿಕೊಳ್ಳಿ. ಎರಡೂ ಮುಖ ಒಣಗಿರಬೇಕು. ಮೂರು ಮಿಲಿಮೀಟರ್ ದಪ್ಪದ ಒಂದೇ ಗೆರೆ, ಎಲ್ಲೂ ಕಡಿಯದ ಹಾಗೆ, ಬೋಲ್ಟ್ ತೂತಿನ ಒಳಪಕ್ಕದಿಂದ ಎಳೆಯಿರಿ. ಅಷ್ಟೇ. ಚೇಂಬರ್ ಬೋಲ್ಟ್‌ಗಳೂ ಅದೇ ಹದಕ್ಕೆ, ಮಧ್ಯದಿಂದ ಹೊರಗಡೆಗೆ.

ಕೀ, ಹಲ್ಲಿನ ಚಕ್ರ, ಹೊಸ ಬೆಲ್ಟ್ ಹಾಕಿ ಗುರುತು ಕೂಡಿಸಿ. ಟೆನ್ಷನರ್ ಬೋಲ್ಟ್ ಸಡಿಲ ಇರುವಾಗಲೇ ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಬಲಕ್ಕೆ ಎರಡು ಪೂರ್ತಿ ಸುತ್ತು ತಿರುಗಿಸಿ. ಸ್ಪ್ರಿಂಗ್ ಬೆಲ್ಟಿನ ಸಡಿಲ ಎಳೆದುಕೊಳ್ಳುತ್ತದೆ. ಆಮೇಲೆ ಬಿಗಿ ಮಾಡಿ, ಗುರುತು ಮತ್ತೆ ನೋಡಿ. ಎಲ್ಲಾದರೂ ತಡೆದ ಹಾಗೆ ಅನ್ನಿಸಿದರೆ ಅಲ್ಲೇ ನಿಲ್ಲಿಸಿ, ಬಲ ಹಾಕಬೇಡಿ.

ಮೊದಲ ಸ್ಟಾರ್ಟ್

ಎಂಜಿನ್ ಮೇಲೇರಿಸಿದ ಮೇಲೆ ಪೇಸ್ಟ್ ಒಣಗಲು ಒಂದು ರಾತ್ರಿ ಬಿಡಿ. ಹೊಸ ಫಿಲ್ಟರ್ ಹಾಕಿ. ಆಯಿಲ್ ಎರಡೂವರೆ ಲೀಟರ್ ಹಾಕಿ ಡಿಪ್‌ಸ್ಟಿಕ್ ನೋಡಿ, ಬೇಕಾದಷ್ಟು ಸೇರಿಸಿ. ಕೂಲಂಟ್ ಮರೆಯಬೇಡಿ.

ಕೂಡಲೇ ಸ್ಟಾರ್ಟ್ ಬೇಡ. ಮೂರೂ ಪ್ಲಗ್ ಬಿಚ್ಚಿ. ಇಗ್ನಿಷನ್ ಕಾಯಿಲಿನ ಸಣ್ಣ ವೈರ್ ತೆಗೆಯಿರಿ, ಇಲ್ಲದಿದ್ದರೆ ಕಿಡಿ ಬರುತ್ತದೆ. ಪ್ಲಗ್ ತೂತಿನಿಂದ ಪೆಟ್ರೋಲ್ ಹಬೆ ಹೊರಗೆ ಬರುವುದರಿಂದ ಹತ್ತಿರ ಬೀಡಿ, ಸಿಗರೇಟ್, ಲೈಟರ್ ಯಾವುದೂ ಇರಬಾರದು. ಕೀ ತಿರುಗಿಸಿ ಹತ್ತು ಸೆಕೆಂಡ್ ಸ್ಟಾರ್ಟರ್ ಹೊಡೆಯಿರಿ, ಅರ್ಧ ನಿಮಿಷ ಬಿಡಿ, ಮತ್ತೆ ಹೊಡೆಯಿರಿ. ಪ್ಲಗ್ ಇಲ್ಲದ್ದರಿಂದ ಬೇರಿಂಗಿನ ಮೇಲೆ ಭಾರ ಇಲ್ಲ. ನಾಲ್ಕೈದು ಸಲದೊಳಗೆ ದೀಪ ಆರಬೇಕು, ಅಥವಾ ಗೇಜಿನ ಮುಳ್ಳು ಏಳಬೇಕು. ನನಗೆ ಮೂರನೇ ಸಲಕ್ಕೆ ಎದ್ದಿತು. ಏಳದಿದ್ದರೆ ಸ್ಟಾರ್ಟ್ ಮಾಡುವ ಮಾತೇ ಇಲ್ಲ. ಓ-ರಿಂಗ್ ಕಡೆಗೇ ವಾಪಸ್ ಹೋಗಬೇಕು.

ಎದ್ದರೆ ಪ್ಲಗ್, ವೈರ್ ಹಾಕಿ ಸ್ಟಾರ್ಟ್ ಮಾಡಿ. ರೇಸ್ ಮಾಡಬೇಡಿ. ಐದು ಸೆಕೆಂಡಿನಲ್ಲಿ ದೀಪ ಆರದಿದ್ದರೆ ಆಫ್ ಮಾಡಿ. ಆರಿದರೆ ಹತ್ತು ಹದಿನೈದು ನಿಮಿಷ ಹಾಗೇ ಓಡಲಿ. ಪುಲ್ಲಿಯ ಹಿಂದೆ, ಚೇಂಬರಿನ ಅಂಚಿಗೆ ಬ್ಯಾಟರಿ ಬೆಳಕು ಬಿಟ್ಟು ಸೋರಿಕೆ ಹುಡುಕಿ. ಪೂರ್ತಿ ಬಿಸಿಯಾದ ಮೇಲೆ ಗೇಜ್ ಮತ್ತೊಮ್ಮೆ ನೋಡಿ, ಆ ಅಂಕಿಯನ್ನು ಸರ್ವೀಸ್ ಪುಸ್ತಕದಲ್ಲಿ ಬರೆದಿಡಿ. ಮುಂದೆ ಯಾವಾಗಲಾದರೂ ಹೋಲಿಸಬೇಕಾದರೆ ಅದೇ ಆಧಾರ.

ಒಳಗೆ ಮಡ್ಡಿ ಇದ್ದ ಎಂಜಿನ್ನಾದರೆ ಈ ಆಯಿಲನ್ನು 500 ಕಿಲೋಮೀಟರಿಗೆ ತೆಗೆದು ಫಿಲ್ಟರ್ ಸಮೇತ ಬದಲಿಸಿ. ನಾನು ಹಳೇ ಫಿಲ್ಟರ್ ಕೊಯ್ದು ನೋಡಿದೆ. ಮಡಿಕೆಯ ಸಂದಿಯಲ್ಲಿ ಇನ್ನೂ ಎರಡು ಕೆಂಪು ಚೂರು ಇದ್ದವು.